ಯಸಳೂರಿನ ಕಣದಲ್ಲಿ ಟ್ರಾನ್ಸ್ ಹುಡುಕಿದ್ದು

ಸೌಂಡ್ಸ್ ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳು ಆಲೂರಿನ ನಮ್ಮ ಮನೆಗೆ ಆಗಾಗ ಬರುತ್ತಾರೆ. ಬಂದವರು ಕೂರುವುದಕ್ಕೆ ಮುಂಚೆಯೇ ಶುರು: ‘ಪುಟ್ಟರಾಜಣ್ಣ, ಯಾವ ಆಂಪ್ಲಿಫೈಯರ್ ತಗೊಳ್ಳೋದು? ಎಷ್ಟು ವ್ಯಾಟ್ ಇರ್ಬೇಕು?’ ನನಗೆ ರೇಗಿಹೋಗುತ್ತದೆ. ಅಯ್ಯೋ ಮಾರಾಯ, ಡಬ್ಬ ಯಾವುದಾದರೂ ಆಗಲಿ, ಅದರೊಳಗಿಂದ ಏನು ಬರ್ತಿದೆ ಅಂತ ಮೊದಲು ಕೇಳೋ ಅನ್ನುತ್ತೇನೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ಒಂದು ಕಿವಿ ಮಂದವಾಗಿರುವ ಮುದುಕ ಕೇಳುವುದರ ಬಗ್ಗೆ ಭಾಷಣ ಬಿಗಿಯುತ್ತಿದ್ದಾನಲ್ಲ ಅಂತ.

ಕಿವಿ ಮಂದವಾಗಿದ್ದು ನಿಜ. ಬಲಗಿವಿಯಲ್ಲಿ ಸದಾ ಒಂದು ಜೀರುಂಡೆ ಕೂಗುತ್ತಿರುತ್ತದೆ. ಅದಕ್ಕೇ ಕೆಲಸ ಬಿಟ್ಟೆ. ‘ಕೆಲಸ ಬಿಟ್ಟ್ ಮೇಲೂ ಬಂದೋರ ತಲೆ ತಿಂತೀರಲ್ಲ, ಹೇಳೋದನ್ನೆಲ್ಲ ಬರ್ದಿಡಿ, ಬೇಕಾದೋರು ಓದ್ಕೊಳ್ಳಲಿ’ ಅಂದಳು ನನ್ನ ಹೆಂಡತಿ ಜಯಮ್ಮ. ಸರಿ, ಬರೆಯುತ್ತಿದ್ದೇನೆ. ಮದುವೆ, ನಾಮಕರಣ, ಎಲೆಕ್ಷನ್ ಭಾಷಣ ಎಲ್ಲಕ್ಕೂ ಸ್ಪೀಕರ್ ಬಾಕ್ಸ್ ಹೊತ್ತಿದ್ದೇನೆ. ಅದನ್ನೆಲ್ಲ ಹೇಳಹೊರಟರೆ ಮುಗಿಯುವುದಿಲ್ಲ. ಟ್ರಾನ್ಸ್ ಸಂಗೀತದ ವಿಷಯ ಒಂದನ್ನೇ ಹೇಳುತ್ತೇನೆ. ನಾನು ಅತಿ ಹೆಚ್ಚು ಮೂರ್ಖನಾಗಿದ್ದು ಅದರಲ್ಲೇ, ಕಲಿತದ್ದೂ ಅದರಲ್ಲೇ.

ನಮ್ಮ ಯಜಮಾನರು ರುದ್ರಪ್ಪನವರು. ಆಲೂರಿನಲ್ಲಿ ಅವರದು ಶಾಮಿಯಾನ ಮತ್ತು ಸೌಂಡ್ಸ್ ಅಂಗಡಿ. ಬಾಯಿ ಜೋರು, ಕೈ ಧಾರಾಳ. ನಾನು ಸೇರಿದಾಗ ಕ್ಯಾಸೆಟ್ ಕಾಲ. ರೀಲು ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುತ್ತಾ ಕೂತಿರುತ್ತಿದ್ದೆವು. ಆಮೇಲೆ ಸೀಡಿ ಬಂತು, ಪೆನ್ ಡ್ರೈವ್ ಬಂತು, ಈಗ ಎಲ್ಲರ ಜೇಬಿನಲ್ಲೂ ಫೋನು. ನಮ್ಮ ಕಡೆ ಹೋಮ್‌ಸ್ಟೇಗಳು ಹುಟ್ಟಿಕೊಂಡ ಹೊಸದರಲ್ಲಿ ಒಂದು ದಿನ ಬಿಸಿಲೆ ರಸ್ತೆಯ ಎಸ್ಟೇಟ್ ಒಂದರಿಂದ ಆರ್ಡರ್ ಬಂತು. ಪಟ್ಟಣದವರ ಗುಂಪು ಬರುತ್ತದೆ, ಸಂಜೆ ಟ್ರಾನ್ಸ್ ಹಾಕುತ್ತಾರೆ, ದೊಡ್ಡ ಬಾಕ್ಸ್ ಬೇಕು ಅಂತ. ಟ್ರಾನ್ಸ್ ಅಂದರೇನು ಅಂತ ನನಗೂ ಗೊತ್ತಿರಲಿಲ್ಲ, ರುದ್ರಪ್ಪನವರಿಗೂ ಗೊತ್ತಿರಲಿಲ್ಲ. ‘ಏನೋ ಒಂದು ಡಬಡಬ ಇರ್ಬೇಕು, ಹೋಗ್ ಬಾರೋ’ ಅಂದರು.

ಹಾಡು ಹಾಕಲು ಬಂದಿದ್ದವನು ಮಂಗಳೂರಿನ ಡೆನ್ಜಿಲ್. ತೆಳ್ಳಗೆ, ಕನ್ನಡಕ ಹಾಕಿಕೊಂಡು, ಬ್ಯಾಂಕಿನ ಗುಮಾಸ್ತನ ಹಾಗಿದ್ದ. ಡಿಜೆ ಅಂದರೆ ಕೂದಲು ಬಿಟ್ಟಿರುತ್ತಾನೆ ಅಂದುಕೊಂಡಿದ್ದ ನನಗೆ ನಿರಾಸೆಯೇ ಆಯಿತು. ಶುರು ಮಾಡಿದ. ಧಮ್ ಧಮ್ ಧಮ್ ಅಂತ ಒಂದೇ ಸಮನೆ ಬಡಿತ, ಜನ ಕುಣಿಯುತ್ತಿದ್ದಾರೆ. ಸ್ವಲ್ಪ ಹೊತ್ತಾದ ಮೇಲೆ ಇದ್ದಕ್ಕಿದ್ದಂತೆ ಬಡಿತವೇ ಮಾಯ! ಹಾರ್ಮೋನಿಯಂ ಎಳೆದ ಹಾಗೆ ಎಂಥದೋ ಸಣ್ಣ ಸ್ವರ ಮಾತ್ರ ಕೇಳುತ್ತಿದೆ. ನಮ್ಮ ಕಡೆ ಕರೆಂಟ್ ಗೊತ್ತಲ್ಲ. ವೋಲ್ಟೇಜ್ ಬಿದ್ದು ಬಾಸ್ ಆಂಪ್ಲಿಫೈಯರ್ ಕೈಕೊಟ್ಟಿದೆ ಅಂದುಕೊಂಡು ಓಡಿಹೋಗಿ ಲೈನ್ ಕಿತ್ತು ಜನರೇಟರ್‌ಗೆ ಹಾಕಿದೆ. ಎಲ್ಲ ಸ್ತಬ್ಧ. ಕೈ ಮೇಲೆತ್ತಿ ಕಣ್ಣು ಮುಚ್ಚಿ ನಿಂತಿದ್ದ ಜನ ಕಣ್ಣು ಬಿಟ್ಟು, ಉಣ್ಣುವವರ ಮುಂದಿನ ಎಲೆ ಎಳೆದುಕೊಂಡವನನ್ನು ನೋಡುವ ಹಾಗೆ ನನ್ನನ್ನು ನೋಡಿದರು.

ಡೆನ್ಜಿಲ್ ಬೈಯಲಿಲ್ಲ. ‘ಎಂತ ಮಾಡಿದ್ರಿ ಮಾರಾಯ್ರೆ’ ಅಂತ ಹಣೆ ಹಿಡಿದುಕೊಂಡ, ಅಷ್ಟೇ. ಮಾರನೆ ದಿನ ಬೆಳಿಗ್ಗೆ ನಾನು ಕೇಬಲ್ ಸುತ್ತುವಾಗ ಪಕ್ಕದಲ್ಲಿ ಬಂದು ಕೂತ. ‘ಅದು ಹಾಳಾದದ್ದಲ್ಲ ಪುಟ್ಟರಾಜಣ್ಣ, ಹಾಡು ಇರುವುದೇ ಹಾಗೆ. ಮಧ್ಯೆ ಡ್ರಮ್ ನಿಲ್ತದೆ. ಜನರನ್ನು ಮೇಲೆ ಎತ್ತಿ ಹಿಡಿದು ನಿಲ್ಲಿಸಿ ಆಮೇಲೆ ಬಿಡುದು. ನೀವು ಎತ್ತಿದವರನ್ನು ಕೆಳಗೆ ಹಾಕಿಬಿಟ್ರಿ’ ಅಂದ. ನನಗೆ ನಾಚಿಕೆಯಾಯಿತು. ಊರಿಗೆ ಬಂದು ರುದ್ರಪ್ಪನವರಿಗೆ ಹೇಳಿದರೆ ಅವರು ಸರಿಯಾಗಿ ಝಾಡಿಸಿದರು: ‘ಹಾಡು ಯಾವ್ದು ಅಂತ ಗೊತ್ತಿಲ್ದೆ ಬಾಕ್ಸ್ ಹೊರೋಕೆ ನೀನೇ ಯಾಕೋ ಬೇಕು, ಕತ್ತೆ ಸಾಕ್ತೀನಿ. ಹೋಗ್, ಆ ಹುಡುಗನ ಹತ್ರ ಕಲ್ತ್ಕೊಂಡ್ ಬಾ.’

ಡೆನ್ಜಿಲ್ ತಿಂಗಳಿಗೊಮ್ಮೆಯಾದರೂ ಈ ಕಡೆ ಬರುತ್ತಿದ್ದ. ನಾನು ಅವನ ಬೆನ್ನು ಬಿದ್ದೆ. ಅವನು ಮೊದಲು ಹೇಳಿದ್ದು ಇಷ್ಟು: ‘ಧಮ್ ಧಮ್ ಕೇಳ್ಬೇಡಿ. ಅದು ಎಲ್ಲದರಲ್ಲೂ ಉಂಟು. ಎರಡು ಧಮ್ಮಿನ ನಡುವೆ ಏನುಂಟು, ಅದನ್ನು ಕೇಳಿ.’ ಕಣ್ಣು ಮುಚ್ಚಿಸಿ ಕೂರಿಸುತ್ತಿದ್ದ. ತಪ್ಪು ಹೇಳಿದರೆ ಮತ್ತೆ ಹಾಕುತ್ತಿದ್ದ, ಸರಿ ಹೇಳಿದರೂ ಮತ್ತೆ ಹಾಕುತ್ತಿದ್ದ.

ಅವನಿಂದ ಕಲಿತದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಎರಡು ಧಮ್ಮಿನ ನಡುವೆ ಬಾಸು ತಕತಕ ತಕತಕ ಅಂತ ಕುದುರೆ ಓಟದಲ್ಲಿ ಓಡಿದರೆ, ಮೇಲಿಂದ ಚಿತ್ರವಿಚಿತ್ರ ಸದ್ದುಗಳು ಹಾರಿಹೋದರೆ, ಅದು ಸೈಟ್ರಾನ್ಸ್. ಅದರ ದೊಡ್ಡಪ್ಪ ಗೋವಾ ಟ್ರಾನ್ಸ್. ಓಟ ಅಷ್ಟೇ ಬಿರುಸು, ಆದರೆ ಅದರಲ್ಲಿ ರಾಗ ಹೆಚ್ಚು, ಒಂದು ರಾಗದ ಮೇಲೆ ಇನ್ನೊಂದು ಮೆಣಸಿನ ಬಳ್ಳಿ ಹಾಗೆ ಹಬ್ಬಿಕೊಂಡಿರುತ್ತದೆ. ನಡೆ ನಿಧಾನವಾಗಿದ್ದು, ನಿಮಿಷಕ್ಕೊಂದು ಹೊಸ ಸದ್ದು ಮೆಲ್ಲಗೆ ಬಂದು ಸೇರಿಕೊಂಡು, ಯಾವಾಗ ಬಂತೋ ಗೊತ್ತೇ ಆಗದಿದ್ದರೆ ಪ್ರೋಗ್ರೆಸ್ಸಿವ್. ಬಡಿತವೇ ಸುತ್ತಿಗೆ ಏಟಿನ ಹಾಗಿದ್ದರೆ ಹಾರ್ಡ್. ಮೂಗು ಕಟ್ಟಿದವನು ಮಾತಾಡಿದ ಹಾಗೆ ಒಂದು ಸದ್ದು ತಿರುಚಿಕೊಂಡು ಕೊಯ್ ಕೊಯ್ ಅಂದರೆ ಆಸಿಡ್. ಬಾಸು ಬಡಿತದ ಸಂದಿನಲ್ಲಿ ಒಂದೊಂದೇ ಸಲ ಬಿದ್ದು, ಮಧ್ಯೆ ಡ್ರಮ್ ಎಲ್ಲ ನಿಂತು, ಬಹಳ ಹೊತ್ತು ಬರೀ ರಾಗ ತುಂಬಿಕೊಂಡು, ಎದೆ ಭಾರವಾದ ಮೇಲೆ ಬಡಿತ ವಾಪಸ್ ಬಂದರೆ ಅಪ್‌ಲಿಫ್ಟಿಂಗ್. ಅದರಲ್ಲೇ ಯಾರಾದರೂ ಹಾಡಿದರೆ, ಸಾಮಾನ್ಯವಾಗಿ ಹೆಣ್ಣುದನಿ, ವೋಕಲ್ ಟ್ರಾನ್ಸ್ ಅನ್ನುತ್ತಾರೆ. ಇವು ಒಂದರೊಳಗೊಂದು ಬೆರೆತೂ ಬರುತ್ತವೆ, ಆಗ ಡೆನ್ಜಿಲ್‌ನಂಥವರೇ ಜಗಳವಾಡುತ್ತಾರೆ. ನೀವು ಆ ಜಗಳಕ್ಕೆ ಹೋಗಬೇಡಿ.

ಹೆಸರುಗಳು ನನ್ನ ನಾಲಿಗೆಗೆ ಹೊರಳುತ್ತಿರಲಿಲ್ಲ. ಅದಕ್ಕೆ ಪೆನ್ ಡ್ರೈವ್‌ಗಳ ಮೇಲೆ ನಮ್ಮೂರ ಬೆಳೆಗಳ ಹೆಸರು ಬರೆದು ಅಂಟಿಸಿದೆ. ಸೈಟ್ರಾನ್ಸ್ ಖಡಕ್ಕು, ಅದು ರೊಬಸ್ಟಾ ಕಾಫಿ. ಅಪ್‌ಲಿಫ್ಟಿಂಗ್ ಮೃದು, ಅದು ಅರೇಬಿಕಾ. ಗೋವಾ ಏಲಕ್ಕಿ, ಹಾರ್ಡ್ ಮೆಣಸು. ಬಹಳ ಜಾಣತನ ಮಾಡಿದೆ ಅಂತ ಒಳಗೊಳಗೇ ಹಿಗ್ಗಿದ್ದೆ. ಆಮೇಲೆ ಕೆ. ಹೊಸಕೋಟೆಯಲ್ಲಿ ಒಂದು ನಿಶ್ಚಿತಾರ್ಥ ಬಂತು. ಗಂಡು ನನ್ನ ಕಿವಿಯಲ್ಲಿ, ‘ಅಣ್ಣ, ಊಟದ ಹೊತ್ಗೆ ಟ್ರಾನ್ಸ್ ಹಾಕ್ಸಿ, ಆದ್ರೆ ಮೆತ್ಗಿರ್ಲಿ, ಹಿರೀಕರವ್ರೆ’ ಅಂದ. ನಾನು ವೈರು ನೋಡುತ್ತಿದ್ದೆ. ನಮ್ಮ ವ್ಯಾನ್ ಓಡಿಸುವ ಮಂಜಣ್ಣನಿಗೆ ಅರೇಬಿಕಾ ಹಾಕು ಅಂತ ಕೂಗಿದೆ. ಎರಡೇ ನಿಮಿಷಕ್ಕೆ ಮಂಟಪದ ಕಂಬಗಳೆಲ್ಲ ನಡುಗಲು ಶುರುವಾದವು! ಹೆಣ್ಣಿನ ಅಜ್ಜಿ ಹೋಳಿಗೆ ಕೈಯಲ್ಲಿ ಹಿಡಿದುಕೊಂಡೇ, ‘ಅಯ್ಯೋ ನನ್ನ ಶಿವನೇ, ನನ್ನೆದೆ ಒಳಗೆ ಯಾರೋ ಅವಲಕ್ಕಿ ಕುಟ್ತಾವ್ರೆ ಕಣ್ರಪ್ಪೋ’ ಅಂತ ಕೂಗಿಕೊಂಡರು.

ಓಡಿಹೋಗಿ ನಿಲ್ಲಿಸಿದೆ. ಮಂಜಣ್ಣ ರೊಬಸ್ಟಾ ಹಾಕಿದ್ದ. ಯಾಕೋ ಅಂದರೆ, ‘ಶುಭಕಾರ್ಯ ಅಲ್ವಾ, ಈ ವರ್ಷ ರೇಟಲ್ಲಿ ರೊಬಸ್ಟಾನೇ ಮೇಲು ಅಂತ ಎಲ್ರೂ ಹೇಳ್ತಾವ್ರೆ, ಒಳ್ಳೇದನ್ನೇ ಹಾಕ್ದೆ’ ಅಂದ. ನಗಲೂ ಆಗದೆ ಬೈಯಲೂ ಆಗದೆ ಅಜ್ಜಿಗೆ ಕೈಮುಗಿದೆ. ಅವತ್ತೇ ಚೀಟಿ ಎಲ್ಲ ಕಿತ್ತು, ಕಷ್ಟವಾದರೂ ಅವುಗಳ ಹೆಸರನ್ನೇ ಬರೆದೆ. ಗುರುತು ನಿಮ್ಮೊಬ್ಬರಿಗೇ ಅರ್ಥವಾಗುವ ಹಾಗಿದ್ದರೆ ಅದು ಗುರುತಲ್ಲ.

ರುದ್ರಪ್ಪನವರು ತೀರಿಕೊಂಡ ಮೇಲೆ ಅಂಗಡಿ ನಡೆಸುವವರಿರಲಿಲ್ಲ, ನನ್ನ ಕಿವಿಯೂ ಕೈಕೊಟ್ಟಿತ್ತು. ಹಳೆಯ ಬಾಕ್ಸುಗಳನ್ನು ಮಾರಿದೆವು. ಆಗ ಒಂದು ಹುಡುಗಿ ಜೀಪಿನಲ್ಲಿ ಬಂದಳು. ಯಸಳೂರು ಕಡೆಯವಳು, ಹೆಸರು ಸೌಮ್ಯ. ಡಿಗ್ರಿ ಮುಗಿಸಿ ಮನೆಯ ತೋಟವನ್ನೇ ನೋಡಿಕೊಳ್ಳುತ್ತಿದ್ದಳು. ಸೊಂಟದೆತ್ತರದ ಬಾಕ್ಸ್ ಒಂದನ್ನು ತಟ್ಟಿ ನೋಡಿ, ‘ಅಂಕಲ್, ಇದ್ರಲ್ಲಿ ಟ್ರಾನ್ಸ್ ಚೆನ್ನಾಗ್ ಕೇಳುತ್ತಾ? ಕಣದಲ್ಲಿ ಒಣಗೋಕೆ ಹರಡಿರೋ ಕಾಫಿ ಎಳಿಯೋವಾಗ ಹಾಕ್ಕೊಳ್ಳೋಕೆ’ ಅಂದಳು. ‘ನಿನ್ ಕೈಕಾಲು ನಿಲ್ಲಲ್ಲ, ಹಂಗ್ ಕೇಳುತ್ತೆ ಕಣವ್ವ’ ಅಂದೆ. ನಕ್ಕಳು. ಯಾವ ಟ್ರಾನ್ಸು ಅಂತ ನಾನು ಕೇಳಬೇಕಾಗಿತ್ತು. ಅಷ್ಟೆಲ್ಲ ಕಲಿತವನು ಅವತ್ತು ಒಂದು ಮಾತು ಕೇಳಲಿಲ್ಲ. ಬಾಕ್ಸ್ ಹೊರುವ ಗಡಿಬಿಡಿಯಲ್ಲಿದ್ದೆ.

ಎರಡು ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ನಮ್ಮ ಮನೆ ಬಾಗಿಲಲ್ಲಿ ಎತ್ತರದ ಹಿರಿಯರೊಬ್ಬರು ನಿಂತಿದ್ದರು. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಗುರುತು ಹತ್ತಿತು, ಚನ್ನಬಸಪ್ಪನವರು. ಹಿಂದೆ ಯಸಳೂರು ಹತ್ತಿರದ ಹೋಮ್‌ಸ್ಟೇಗೆ ನಾವು ಬಾಕ್ಸ್ ಹಾಕಿದಾಗಲೆಲ್ಲ, ಪಕ್ಕದ ತೋಟದಿಂದ ಬಂದು ‘ನಿಲ್ಸ್ರಿ ಈ ದರಿದ್ರಾನ’ ಅಂತ ಜಗಳ ತೆಗೆಯುತ್ತಿದ್ದವರು ಅವರೇ. ಮತ್ತೆ ಯಾವ ಜಗಳವಪ್ಪಾ ಅಂದುಕೊಂಡೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ‘ಸೌಮ್ಯ ನನ್ ಮಗಳು. ಬಾಕ್ಸ್ ಮೇಲೆ ನಿಮ್ ಅಂಗಡಿ ಹೆಸರಿತ್ತು, ಅದ್ಕೇ ಹುಡಿಕ್ಕೊಂಡ್ ಬಂದೆ’ ಅಂದರು. ಆಮೇಲೆ, ‘ಹೋಗ್ಬುಟ್ಲು ಕಣ್ರೀ. ಕಾಯಿಲೆ. ಹದಿನೈದೇ ದಿನ’ ಅಂದರು.

ಜಯಮ್ಮ ಕಾಫಿ ತಂದವಳು ಲೋಟ ಹಿಡಿದು ಹಾಗೇ ನಿಂತುಬಿಟ್ಟಳು.

ಅವರು ಬಂದದ್ದು ಒಂದು ಹಾಡಿಗೆ. ಸೌಮ್ಯ ಕಣದಲ್ಲಿ ದಿನವೂ ಹಾಕಿಕೊಳ್ಳುತ್ತಿದ್ದದ್ದು ಹೆಚ್ಚಾಗಿ ಒಂದೇ ಹಾಡು. ಅವಳ ಫೋನು ಲಾಕ್ ಆಗಿ ಕೂತಿತ್ತು, ತೆಗೆಯಲು ಯಾರಿಂದಲೂ ಆಗಿರಲಿಲ್ಲ. ‘ಬದುಕಿದ್ದಾಗ ದಿನಾ ಬೈದೆ. ನಿಲ್ಸು ಅಂದೆ. ಒಂದ್ಸಲಾನೂ ಕೂತ್ಕೊಂಡ್ ಕೇಳ್ಲಿಲ್ಲ. ಅವಳು ಅದ್ರಲ್ಲಿ ಏನ್ ಕೇಳ್ತಿದ್ಲು ಅಂತ ನನಗೂ ಕೇಳ್ಬೇಕು ಪುಟ್ರಾಜಣ್ಣ. ವರ್ಷದ ಪೂಜೆ ಬತ್ತಾ ಐತೆ. ಅಷ್ಟರೊಳಗೆ ಹುಡುಕ್ಕೊಡಿ. ಟ್ರಾನ್ಸು ಅಂತಿದ್ಲು, ಅಷ್ಟೇ ನನಗೆ ಗೊತ್ತಿರೋದು’ ಅಂದರು. ಎದ್ದು ಹೋಗುವಾಗ ತಿರುಗಿ, ‘ಮನೇಲಿ ಅವಳವ್ವ ಪಾರ್ವತಿಗೆ ಗೊತ್ತಾಗೋದು ಬ್ಯಾಡ. ಈಗ್ಲೇ ಅರ್ಧ ಆಗವ್ಳೆ’ ಅಂದರು.

ಎಷ್ಟು ಸಲ ಆ ಮನುಷ್ಯನನ್ನು ನಾನು ಮನಸ್ಸಿನಲ್ಲೇ ಬೈದಿದ್ದೆ! ಅವತ್ತು ಅವರು ಗೇಟಿನ ಚಿಲಕ ಹಾಕಲು ತಡಕಾಡುತ್ತಿದ್ದುದನ್ನು ನೋಡಿ ನಾನೇ ಹೋಗಿ ಹಾಕಿದೆ. ಹುಡುಕಿಕೊಡಲೇಬೇಕು ಅಂತ ನಿರ್ಧಾರ ಮಾಡಿದೆ.

ವಾರಕ್ಕೆರಡು ಸಲ ಯಸಳೂರಿಂದ ಸಕಲೇಶಪುರಕ್ಕೆ ಒಂದು ಬಸ್ಸು, ಅಲ್ಲಿಂದ ಆಲೂರಿಗೆ ಇನ್ನೊಂದು ಬಸ್ಸು ಹಿಡಿದು ಅವರು ಬರುತ್ತಿದ್ದರು. ಮನೆಯಲ್ಲಿ ವಕೀಲರನ್ನು ನೋಡಬೇಕು ಅಂತ ಸುಳ್ಳು ಹೇಳಿ ಬರುತ್ತಿದ್ದರಂತೆ. ನಮ್ಮ ಹಜಾರದಲ್ಲಿ ಕೂತು ನಾನು ಒಂದೊಂದೇ ಬಗೆ ಹಾಕುತ್ತಿದ್ದೆ. ಸೈಟ್ರಾನ್ಸ್ ಹಾಕಿದರೆ, ‘ಇಷ್ಟು ಓಟ ಇರ್ಲಿಲ್ಲ’ ಅಂದರು. ಪ್ರೋಗ್ರೆಸ್ಸಿವ್ ಹಾಕಿದರೆ, ‘ಇದು ನಿಲ್ಲೋದೇ ಇಲ್ವಲ್ಲ. ಅದು ಮಧ್ಯೆ ನಿಂತೋಗೋದು. ಸದ್ಯ ನಿಲ್ಸಿದ್ಲಲ್ಲ ಅನ್ಕೊಳ್ಳೋದ್ರಲ್ಲಿ ಮತ್ತೆ ಶುರುವಾಗೋದು’ ಅಂದರು. ನನಗೆ ಖುಷಿಯಾಯಿತು. ಮಧ್ಯೆ ನಿಲ್ಲುತ್ತದೆ ಅಂದ ಮೇಲೆ ಅಪ್‌ಲಿಫ್ಟಿಂಗೇ, ಇನ್ನೇನು ಸಿಕ್ಕಿತು ಅಂದುಕೊಂಡೆ. ಒಂದು ಹಾಕಿದೆ. ಅಲ್ಲ ಅಂತ ತಲೆ ಆಡಿಸಿದರು. ಇನ್ನೊಂದು ಹಾಕಿದೆ. ಮಧ್ಯೆ ಡ್ರಮ್ ನಿಂತು ರಾಗ ಶುರುವಾಗುತ್ತಿದ್ದ ಹಾಗೆ, ‘ಅಲ್ಲ ಅಲ್ಲ. ಇದ್ರಲ್ಲಿ ನಿಂತ್ ಮೇಲೂ ಎಂಥದೋ ಬಾರಿಸ್ತಾವ್ರೆ. ಅವಳ್ದು ಪೂರ್ತಿ ನಿಂತೋಗೋದು. ಸದ್ದೇ ಇಲ್ಲ. ಎರಡು ನಿಮಿಷ ಆದ್ರೂ ಇರೋದು’ ಅಂದರು.

‘ಹಾಡಿದ್ರಾ ಯಾರಾದ್ರೂ?’

‘ಮಾತೇ ಇಲ್ಲ. ಬರೀ ಧಮ್ ಧಮ್, ಆಮೇಲೆ ಏನೂ ಇಲ್ಲ, ಆಮೇಲೆ ಧಮ್ ಧಮ್.’

ಎರಡು ನಿಮಿಷ ಏನೂ ಇಲ್ಲದ ಟ್ರಾನ್ಸನ್ನು ಮೂರು ವಾರ ಹುಡುಕಿದೆ. ಡೆನ್ಜಿಲ್‌ಗೆ ಫೋನ್ ಮಾಡಿದೆ. ಅವನಿಗೂ ಈಗ ತಲೆ ನೆರೆತಿದೆ, ಮಂಗಳೂರಲ್ಲಿ ಪಿಯಾನೋ ಪಾಠ ಹೇಳುತ್ತಾನೆ. ‘ಹಾಗೆ ಯಾರೂ ಮಾಡುದಿಲ್ಲ ಮಾರಾಯ್ರೆ, ಕುಣಿಯುವವರು ಎರಡು ನಿಮಿಷ ಸುಮ್ಮನೆ ನಿಂತು ಎಂತ ಮಾಡುದು?’ ಅಂದ. ನಾನು ಹಾಡು ಹಾಕುತ್ತಲೇ ಹೋದೆ, ಅವರು ಬೇಡ ಅನ್ನುತ್ತಲೇ ಹೋದರು. ಒಂದು ದಿನ ನನ್ನ ತಾಳ್ಮೆ ಕೆಟ್ಟಿತು. ‘ನಿಮಗೆ ನೆನಪಿಲ್ಲ ಅಂದ್ರೆ ಇಲ್ಲ ಅನ್ನಿ ಸ್ವಾಮಿ, ಇಲ್ಲದ ಹಾಡನ್ನ ನಾನೆಲ್ಲಿಂದ ತರ್ಲಿ!’ ಅಂದುಬಿಟ್ಟೆ. ಅವರು ಶಲ್ಯದಿಂದ ಕಣ್ಣು ಒರೆಸಿಕೊಂಡು, ‘ನೆನಪಿರೋದು ಅದೊಂದೇ ಕಣ್ರೀ’ ಅಂದರು. ಅವರು ಹೋದ ಮೇಲೆ ಜಯಮ್ಮ ನನಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು.

ಕ್ಷಮೆ ಕೇಳಲೆಂದೇ ಮಾರನೆ ದಿನ ಯಸಳೂರಿಗೆ ಹೋದೆ. ಚನ್ನಬಸಪ್ಪನವರು ಕಾಫಿ ಚೀಲ ಇಡುವ ಸ್ಟೋರ್ ಹಿಂದಿನ ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ನಾನು ಕೈಮುಗಿದರೆ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂರಿಸಿದರು. ‘ನೀವು ಯಾವಾಗ್ಲೂ ಇಲ್ಲೇ ಕೂರೋದಾ?’ ಅಂತ ಕೇಳಿದೆ. ‘ಬೆಳಗಿನ ಹೊತ್ತು ಇಲ್ಲೇ’ ಅಂದರು. ಸ್ಟೋರಿನ ಆ ಕಡೆ ಕಣ. ಕಾಫಿ ಹರಡಿತ್ತು. ಗೋಡೆಗೆ ಬೆನ್ನು ಮಾಡಿ, ಕಣದ ಕಡೆ ಮುಖ ಮಾಡಿ, ಗೋಣಿಚೀಲ ಹೊದ್ದುಕೊಂಡು ನಮ್ಮ ಬಾಕ್ಸು ನಿಂತಿತ್ತು.

ಅದನ್ನು ನೋಡಿ ನಾನು ತಲೆ ತಲೆ ಚಚ್ಚಿಕೊಂಡೆ.

ನಮ್ಮ ಕಸುಬಿನ ಮೊದಲ ಪಾಠ ಅದು. ಬಾಕ್ಸಿನ ಹಿಂದೆ ನಿಂತರೆ ಬಾಸು ಮಾತ್ರ ಕೇಳುತ್ತದೆ. ಬಾಸು ಗೋಡೆ ಸುತ್ತಿ ಬರುತ್ತದೆ, ಗೋಡೆ ದಾಟಿಯೂ ಬರುತ್ತದೆ. ರಾಗ, ದನಿ, ಮಾತು ಎಲ್ಲ ಮುಂದಕ್ಕೇ ಹೋಗುತ್ತದೆ. ಎಷ್ಟು ಸಭೆಗಳಲ್ಲಿ ವೇದಿಕೆ ಹಿಂದೆ ಕೂತ ಅಡುಗೆಯವರು ‘ಏನ್ ಭಾಷಣ ಅಂತ ಗೊತ್ತಾಗ್ತಿಲ್ಲ, ಬರೀ ಗುಂಯ್ ಅಂತದೆ’ ಅಂದದ್ದನ್ನು ಕೇಳಿದ್ದೇನೆ! ಹಾಡು ಹೇಗಿತ್ತು ಅಂತ ಚನ್ನಬಸಪ್ಪನವರನ್ನು ಹತ್ತು ಸಲ ಕೇಳಿದೆ. ಎಲ್ಲಿ ಕೂತು ಕೇಳಿದಿರಿ ಅಂತ ಒಂದು ಸಲವೂ ಕೇಳಲಿಲ್ಲ. ಮೂವತ್ತು ವರ್ಷ ಬಾಕ್ಸ್ ಹೊತ್ತವನು ಮಾಡುವ ತಪ್ಪೇ ಇದು?

ನನ್ನ ಫೋನನ್ನು ಬಾಕ್ಸಿಗೆ ಸಿಕ್ಕಿಸಿ, ಅವರು ನಮ್ಮ ಮನೆಯಲ್ಲಿ ಬೇಡ ಅಂದಿದ್ದ ಅಪ್‌ಲಿಫ್ಟಿಂಗ್ ಹಾಡೊಂದನ್ನೇ ಹಾಕಿದೆ. ಓಡಿ ಬಂದು ಅವರ ಪಕ್ಕ ಜಗಲಿಯಲ್ಲಿ ಕೂತೆ. ಗೋಡೆಯೊಳಗಿಂದ ಧಮ್ ಧಮ್ ಬಂತು. ಮಧ್ಯೆ ಡ್ರಮ್ ನಿಂತಿತು. ಆ ಕಡೆ ರಾಗ ನಡೆಯುತ್ತಿರಬೇಕು, ಈ ಕಡೆ ಏನೂ ಇಲ್ಲ. ಹಕ್ಕಿ ಕೂಗಿದ್ದು ಕೇಳಿಸಿತು. ಚನ್ನಬಸಪ್ಪನವರು ಪೇಪರ್ ಕೆಳಗಿಟ್ಟು ನನ್ನ ತೋಳು ಹಿಡಿದರು. ‘ಇದೇ! ಹಿಂಗೇ ನಿಂತೋಗೋದು!’

‘ನಿಂತಿಲ್ಲ ಸ್ವಾಮಿ’ ಅಂದೆ. ‘ಬನ್ನಿ.’ ಕೈಹಿಡಿದು ಕಣದ ಕಡೆ ಕರೆದುಕೊಂಡು ಬಂದೆ. ಗೋಡೆಯ ಮೂಲೆ ತಿರುಗುತ್ತಿದ್ದ ಹಾಗೆ ರಾಗ ಮುಖಕ್ಕೇ ಬಂತು. ಅವರು ಅಲ್ಲೇ ನಿಂತುಬಿಟ್ಟರು. ‘ಹಂಗಾರೆ ನಾನು ನಿಂತೋಯ್ತು ಅನ್ಕೊಂಡಾಗೆಲ್ಲ...’ ಅಂದರು.

ಆದರೆ ಇಲ್ಲಿಗೂ ಅರ್ಧ ಕೆಲಸವೇ. ಮಧ್ಯೆ ಡ್ರಮ್ ನಿಲ್ಲುವ ಹಾಡುಗಳು ಸಾವಿರ ಇವೆ, ಗೋಡೆಯ ಹಿಂದೆ ಎಲ್ಲವೂ ಒಂದೇ. ಅದನ್ನೇ ಯೋಚಿಸುತ್ತಾ ನಿಂತಿದ್ದಾಗ, ಬಾಕ್ಸಿನ ಸದ್ದು ಕೇಳಿ ಮನೆಯ ಕಡೆಯಿಂದ ಪಾರ್ವತಮ್ಮ ಓಡಿಬಂದರು. ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ಇತ್ತು. ನಮ್ಮನ್ನು ನೋಡಿದ ಮೇಲೆ ಅವರ ಮುಖದಲ್ಲಿದ್ದ ಒಂದು ಆಸೆ ಆರಿಹೋದದ್ದನ್ನು ನಾನು ಕಂಡೆ. ಚನ್ನಬಸಪ್ಪನವರು ತಪ್ಪು ಮಾಡಿದವರಂತೆ ಎಲ್ಲವನ್ನೂ ಹೇಳಿದರು. ವಕೀಲರ ಸುಳ್ಳನ್ನೂ ಹೇಳಿದರು.

ಪಾರ್ವತಮ್ಮ ಪೂರ್ತಿ ಕೇಳಿಸಿಕೊಂಡರು. ‘ಇದಲ್ಲ ಅವಳ್ದು’ ಅಂದರು, ಬಾಕ್ಸ್ ಕಡೆ ನೋಡಿ. ‘ಅವಳ್ದ್ರಲ್ಲಿ ಒಬ್ಳು ಹಾಡ್ತಿದ್ಲು.’

‘ನಿನಗೆ ಗೊತ್ತಿತ್ತಾ?’

‘ದಿನಾ ಅವಳ್ ಜೊತೆ ಕಾಫಿ ಎಳ್ದೋಳು ನಾನು. ನನಗ್ ಗೊತ್ತಿಲ್ದೆ ನಿಮಗ್ ಗೊತ್ತಿರುತ್ತಾ? ನನ್ನ ಕೇಳಿದ್ದ್ರೆ ಆ ಬಸ್ ಓಡಾಟ ಎಲ್ಲ ತಪ್ಪೋದು.’

‘ಅಳ್ತೀಯ ಅಂತ ಕೇಳ್ಲಿಲ್ಲ ಕಣೆ.’

‘ಅಳೋದು ಹೆಂಗೂ ಅಳ್ತಾ ಇದ್ದೀನಲ್ಲ’ ಅಂದರು ಪಾರ್ವತಮ್ಮ. ಸಿಟ್ಟಿರಲಿಲ್ಲ.

ಗೋಡೆಗೆ ಒರಗಿಸಿದ್ದ, ಕಾಫಿ ಎಳೆಯುವ ಉದ್ದ ಹಿಡಿಯ ಮರದ ಹಲಗೆ ತೆಗೆದುಕೊಂಡು ಕಣಕ್ಕೆ ಇಳಿದರು. ನಾನು ಬಾಕ್ಸ್ ನಿಲ್ಲಿಸಿದೆ. ಅವರು ಎಳೆಯಲು ಶುರು ಮಾಡಿದರು, ಮಗಳ ಜೊತೆ ಎಳೆದ ಅದೇ ನಡೆಯಲ್ಲಿ, ಒಂದು ಎಳೆತಕ್ಕೆ ನಾಲ್ಕು ಧಮ್ ಹಿಡಿಸುವ ಹಾಗೆ. ನಾನು ಬೆರಳಲ್ಲಿ ಎಣಿಸುತ್ತಾ ಹೋದೆ. ಮಧ್ಯಮ ಓಟ, ಅಪ್‌ಲಿಫ್ಟಿಂಗಿನದೇ ಲೆಕ್ಕ. ಕಣದ ಮಧ್ಯಕ್ಕೆ ಬಂದವರು ಹಲಗೆ ನಿಲ್ಲಿಸಿ ಅದರ ಮೇಲೆ ಗಲ್ಲ ಊರಿದರು. ‘ಇಲ್ಲಿಗ್ ಬಂದಾಗ ಡೋಲು ನಿಲ್ಲೋದು. ಹಿಂಗ್ ನಿಂತ್ಕೊಂಡು ಅವಳೂ ಹಾಡೋಳು’ ಅಂದರು. ‘ಹೆಂಗೆ ಹಾಡೋಳು ತಾಯಿ?’ ಅಂದೆ. ಅವರು ನಾಚಿಕೊಂಡು ಸೆರಗು ಬಾಯಿಗೆ ಅಡ್ಡ ಹಿಡಿದರು. ಆಮೇಲೆ ಸಣ್ಣಗೆ ಹಾಡಿದರು. ಇಂಗ್ಲಿಷ್ ಬಾರದ ಬಾಯಿ, ಮಾತು ಯಾವುದೂ ನನಗೆ ಅರ್ಥವಾಗಲಿಲ್ಲ. ರಾಗ ಮಾತ್ರ ಎಲ್ಲೂ ತಪ್ಪಲಿಲ್ಲ.

ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಡೆನ್ಜಿಲ್‌ಗೆ ಕಳಿಸಿದೆ. ಹಾಡಿನ ಹೆಸರು ಹೇಳುವ ಆ್ಯಪ್ ಈಗ ಇವೆ, ನನಗೂ ಗೊತ್ತು. ಪಾರ್ವತಮ್ಮನ ದನಿಗೆ ಅವು ಏನೂ ಹೇಳಲಿಲ್ಲ. ಡೆನ್ಜಿಲ್ ಎರಡು ದಿನ ತೆಗೆದುಕೊಂಡ. ಮೂರು ಹಾಡು ಕಳಿಸಿ, ‘ಇದರಲ್ಲಿ ಒಂದು ಇರ್ಬೇಕು, ಆ ಅಮ್ಮನಿಗೇ ಕೇಳಿಸಿ’ ಅಂತ ಬರೆದ. ಮೂರನೆಯದನ್ನು ಫೋನಿನಲ್ಲಿ ಹಾಕಿದಾಗ ಪಾರ್ವತಮ್ಮ ಆ ಕಡೆಯಿಂದ ಕೊನೆಯ ತನಕ ಕೇಳಿದರು. ಆಮೇಲೆ, ‘ಹೂಂ ಕಣಪ್ಪ’ ಅಂದರು.

ಹೊಸಬರಿಗೆ ಹೇಳುವುದು ಇಷ್ಟೇ. ಟ್ರಾನ್ಸಿನ ಬಗೆ ಗುರುತಿಸುವುದು ಆರು ತಿಂಗಳಲ್ಲಿ ಬರುತ್ತದೆ, ಅದೇನು ದೊಡ್ಡ ವಿದ್ಯೆಯಲ್ಲ. ಯಾರಾದರೂ ಒಂದು ಹಾಡು ಬೇಕು ಅಂತ ಬಂದರೆ, ಅವರು ಅದನ್ನು ಎಲ್ಲಿ ನಿಂತು ಕೇಳಿದ್ದರು ಅಂತ ವಿಚಾರಿಸಿ. ಅವರಿಗಿಂತ ಹತ್ತಿರ ನಿಂತು ಕೇಳಿದವರು ಯಾರಾದರೂ ಇದ್ದಾರೆಯೇ ಅಂತಲೂ ವಿಚಾರಿಸಿ.

ವರ್ಷದ ಪೂಜೆ ಮುಗಿದ ಮಾರನೆ ಬೆಳಿಗ್ಗೆ ನಾನೂ ಜಯಮ್ಮನೂ ಯಸಳೂರಿಗೆ ಹೋದೆವು. ನಾನು ಮಾಡಿದ ಕಡೆಯ ಕೆಲಸ ಅದು. ಬಾಕ್ಸಿನ ಧೂಳು ಒರೆಸಿ, ಒಳಗಿನ ಸ್ಪೀಕರಿನ ಪೇಪರ್ ಕೋನ್ ಹರಿದಿದ್ದ ಕಡೆ ಅಂಟಿಸಿ, ಸದ್ದು ಹದ ಮಾಡಿದೆ. ಚನ್ನಬಸಪ್ಪನವರು ಜಗಲಿಯ ಕುರ್ಚಿಯನ್ನು ತಾವೇ ಹೊತ್ತು ತಂದು ಕಣದ ಅಂಚಿನಲ್ಲಿ, ಬಾಕ್ಸಿಗೆ ಎದುರಾಗಿ ಹಾಕಿಕೊಂಡು ಕೂತರು. ಪಾರ್ವತಮ್ಮ ಹಲಗೆ ಹಿಡಿದು ಕಾಫಿ ಎಳೆಯುತ್ತಿದ್ದರು. ಹಾಡು ಹಾಕಿದೆ. ಬಡಿತ ಬಂತು, ಬಾಸು ಬಂತು, ಆಮೇಲೆ ಡ್ರಮ್ ನಿಂತಿತು. ಆ ಹೆಣ್ಣುದನಿ ಶುರುವಾಯಿತು. ಪಾರ್ವತಮ್ಮ ಹಲಗೆಗೆ ಗಲ್ಲ ಊರಿ ನಿಂತು ಅದರ ಜೊತೆ ಹಾಡಿದರು, ಒಂದು ಮಾತೂ ಬಿಡದೆ. ಜಯಮ್ಮ ನನ್ನ ಕೈ ಹಿಡಿದುಕೊಂಡಳು. ನಾನು ಅತ್ತೆ, ಸುಳ್ಳು ಯಾಕೆ ಹೇಳಲಿ.

ಹಾಡು ಮುಗಿಯಿತು. ಚನ್ನಬಸಪ್ಪನವರು, ‘ಇನ್ನೊಂದ್ಸಲ ಹಾಕಿ’ ಅಂದರು. ಹಾಕಿದೆ. ಈ ಸಲ ಕುರ್ಚಿಯಿಂದ ಎದ್ದು, ಚಪ್ಪಲಿ ಬಿಟ್ಟು, ಕಾಫಿ ಮೇಲೆ ಕಾಲಿಡದ ಹಾಗೆ ನೋಡಿಕೊಂಡು ಹೆಂಡತಿಯ ಪಕ್ಕ ಹೋಗಿ ನಿಂತರು. ಡ್ರಮ್ ನಿಂತಾಗ ಅವರು ಬಾಕ್ಸ್ ಕಡೆ ನೋಡಲಿಲ್ಲ. ಪಾರ್ವತಮ್ಮನ ಬಾಯನ್ನೇ ನೋಡುತ್ತಾ ತಾವೂ ತುಟಿ ಅಲ್ಲಾಡಿಸಿದರು. ಮಾತು ತಪ್ಪಿತು. ಪಾರ್ವತಮ್ಮ ಹಾಡುವುದನ್ನು ನಿಲ್ಲಿಸಿ ಅವರ ಕಡೆ ತಿರುಗಿದರು.

‘ಹಂಗಲ್ಲ ಕಣ್ರೀ’ ಅಂದರು. ‘ಅವಳು ಹಿಂಗೆ ಅಂತಿದ್ಲು.’